ಇಲ್ಲದ ಡಿಸ್ಕಿಗಾಗಿ ಒಂದೂವರೆ ನಿಮಿಷ

ಹೊಲಿಗೆ ಕೋಣೆಯಿಂದ,
ಜೂನ್ ೯, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಕೇಳಬೇಕಾದ್ದು ಕೇಳಿದ್ದಾಯಿತು, ಇನ್ನು ಬೈಗುಳ. ಫೋನಿನಲ್ಲಿ ಬೈಯಲು ನನಗೆ ಬಾಯೇ ಬರುವುದಿಲ್ಲವೆಂದು ನಿನಗೆ ಗೊತ್ತು; ಅದಕ್ಕೇ ಬರೆದು ಬೈಯುತ್ತಿದ್ದೇನೆ.

ಹೋದ ವಾರ ಅಮ್ಮನ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಕಟಕಟ ಹಲ್ಲು ಕಡಿಯತೊಡಗಿತು. ಕಡಿಯದೆ ಇನ್ನೇನು? ಆರಿಸಬೇಡ ಎಂದು ನೀನು ಹೇಳಿಹೋದದ್ದಕ್ಕೆ ಎಂಟು ತಿಂಗಳಿಂದ ಅಮ್ಮ ಅದನ್ನು ಆರಿಸಿರಲೇ ಇಲ್ಲ. ಹೊಸ ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿದೆ. ಅಷ್ಟರಲ್ಲಿ ಹಳೆಯದು ಪ್ರಾಣ ಬಿಟ್ಟಿತು, ಹೊಸದು ಏಳಲೇ ಇಲ್ಲ. ಆಸ್ಪತ್ರೆಯ ನರ್ಸುಗಳ ಅರವತ್ತು ಕೋಟುಗಳನ್ನು ಶುಕ್ರವಾರದೊಳಗೆ ಕತ್ತರಿಸಬೇಕು. ಅವರ ಅಳತೆಗಳೆಲ್ಲ ನೀನು ಬರೆದ ಪ್ರೋಗ್ರಾಮಿನ ಹೊಟ್ಟೆಯಲ್ಲಿ. ರಿಪೇರಿಯವನು ವಿಂಡೋಸ್ ಬದಲು ನೀನು ಹಾಕಿಟ್ಟದ್ದನ್ನು ನೋಡಿ, "ಲಿನಕ್ಸಾ? ಇದನ್ನ ಹಾಕಿದ ಪುಣ್ಯಾತ್ಮನ್ನೇ ಕರೀರಿ" ಎಂದು ಕೈತೊಳೆದುಕೊಂಡ. ಪುಣ್ಯಾತ್ಮನಿಗೆ ನಾಲ್ಕು ಸಲ ಫೋನ್ ಮಾಡಿದೆ. ಬಂದ ಉತ್ತರ ಎರಡೇ ಪದ: "ಮ್ಯಾನುಯಲ್ ಓದು." ಎಂಟು ತಿಂಗಳಲ್ಲಿ ಈ ಮನೆಗೆ ನೀನು ಆಡಿದ ಮಾತು ಅಷ್ಟೇ! ನಾಚಿಕೆಯಾಗಲಿಲ್ಲವೇ?

ಓದಿದೆ. ಸಾಹಿತ್ಯ ಓದಿ ಏನು ಕಡಿದು ಗುಡ್ಡೆ ಹಾಕ್ತೀಯ ಎಂದು ನಗುತ್ತಿದ್ದೆಯಲ್ಲ, ಓದುವುದೊಂದು ನನಗೆ ಬರುತ್ತದೆ. ಪ್ರತಿ ಡಿಸ್ಕಿಗೂ ಒಂದು ಉದ್ದನೆಯ ಗುರುತಿನ ಸಂಖ್ಯೆ. ಏಳುವಾಗ ಯಾವ ಡಿಸ್ಕುಗಳನ್ನು ಹುಡುಕಬೇಕೆಂಬ ಪಟ್ಟಿಯಲ್ಲಿ ಸತ್ತ ಡಿಸ್ಕಿನ ಸಂಖ್ಯೆಯೇ ಇತ್ತು. ಪೆನ್‌ಡ್ರೈವಿನ ಮೂಲಕ ಒಳಹೊಕ್ಕು ತಿದ್ದಿದೆ, ಯಂತ್ರವನ್ನು ಎಬ್ಬಿಸುವ ಗ್ರಬ್ಬನ್ನೂ ಹೊಸದಾಗಿ ಕೂರಿಸಿದೆ. ಎದ್ದಿತು, ಅರ್ಧದಲ್ಲಿ ನಿಂತಿತು. ಇನ್ನೊಂದು ಡಿಸ್ಕಿಗಾಗಿ ಒಂದೂವರೆ ನಿಮಿಷ ಕಾದು, ಸಿಗದೆ, ಕೈಚೆಲ್ಲಿ ಕೂತಿತು. ಯಾವುದು ಗೊತ್ತೇ? ನಿನ್ನ ಹಾಡುಗಳದ್ದು! ಅಮ್ಮನ ಜೊತೆ ಜಗಳವಾಡಿ ಹೋಗುವಾಗ ಕಿತ್ತುಕೊಂಡು ಹೋದೆಯಲ್ಲ, ಅದು. ಅದರ ವೈರು ಇನ್ನೂ ಗುಂಡಿ ಡಬ್ಬಿಯಲ್ಲಿದೆ. ಎಂಟು ತಿಂಗಳಿಂದ ಆರಿಸದೇ ಇದ್ದದ್ದಕ್ಕೆ, ಅದು ಇಲ್ಲವೆಂದು ಯಂತ್ರಕ್ಕೆ ಈಗಷ್ಟೇ ಗೊತ್ತಾಯಿತು.

ಪಟ್ಟಿಯಿಂದ ಆ ಡಿಸ್ಕಿನ ಸಾಲನ್ನೇ ಅಳಿಸಿಹಾಕಲು ಹೊರಟಿದ್ದೆ. ಅಮ್ಮ ಕತ್ತರಿ ಕೆಳಗಿಟ್ಟು ಇಣುಕಿ, "ಅವನದ್ದಾ? ಇರ್ಲಿ ಬಿಡೇ" ಎಂದಳು. ಮತ್ತೆ ಮ್ಯಾನುಯಲ್ ತಿರುವಿದೆ. ಆ ಸಾಲಿಗೆ ನೋಫೇಲ್ ಎಂಬೊಂದು ಪದ ಸೇರಿಸಿದರೆ, ಡಿಸ್ಕ್ ಇದ್ದರೆ ಸೇರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ತನ್ನ ಪಾಡಿಗೆ ತಾನು ಏಳುತ್ತದೆ. ಎದ್ದಿತು. ನಿನ್ನ ಹಂಗಿಲ್ಲದೆ ಎದ್ದಿತು, ತಿಳಿಯಿತೇ? ಕೋಟುಗಳ ಕಟಿಂಗ್ ನಡೆದಿದೆ.

ಆರೋಗ್ಯ ನೋಡಿಕೋ. ನನ್ನ ಸಿಟ್ಟು ಇಳಿದಿಲ್ಲ.

ನಿನ್ನ ತಂಗಿ,
ಗುಮ್ಮಿ

ತಾ.ಕ.: ಅಳತೆಗಳು ತೆರೆದುಕೊಂಡ ಕೂಡಲೇ ಅಮ್ಮ ಮೊದಲು ಹುಡುಕಿದ್ದು ನರ್ಸುಗಳದ್ದನ್ನಲ್ಲ, ನಿನ್ನದನ್ನು. ನೀಲಿ ಬಟ್ಟೆ ತೆಗೆದಿಟ್ಟಿದ್ದಾಳೆ, ಕತ್ತರಿ ಹಾಕಿಲ್ಲ. "ಹಳೇ ಅಳತೆ, ಸೊರಗಿರ್ತಾನೆ" ಅನ್ನುತ್ತಾಳೆ. ಬರೆದು ಕಳಿಸಬೇಡ, ತಾನು ಟೇಪು ಹಿಡಿಯದ ಅಳತೆಯನ್ನು ಅವಳು ನಂಬುವುದಿಲ್ಲ. ಭಾನುವಾರ ಗಿರಾಕಿಗಳಿರುವುದಿಲ್ಲ.