ಆಕಾಶದಿಂದ ಬಿದ್ದ ಪರಸಿಕಲ್ಲು

ಪೆದ್ದೆಮುಲ್ ಹತ್ತಿರದ ಹಟ್ಟಿ
೨೨ ಆಗಸ್ಟ್ ೧೯೭೯

ತಾಂಡೂರಿನ ಕಲ್ಲುಗಣಿಯಲ್ಲಿ ದುಡಿಯುವ ಅಣ್ಣ ಧರ್ಮಣ್ಣಗ,

ತಂಗಿ ಅಮೃತಬಾಯಿ ಮಾಡುವ ಶರಣು. ನಾವೆಲ್ಲ ಆರಾಮ ಇದ್ದೀವಿ ಅಂತ ಬರೆಯೂದು ರೂಢಿ. ಬರೆಯಂಗಿಲ್ಲ. ಆರಾಮ ಇಲ್ಲ.

ಹೋದ ವಾರ ಸೋಮವಾರ ನಮ್ಮ ಕುರಿ ಮೇಯುವ ಬಯಲಿನಲ್ಲಿ ಒಂದು ಕಲ್ಲು ಕಂಡಿತು. ಎರಡು ಮೊಳ ಉದ್ದ, ಬೂದಿ ಬಣ್ಣ, ಮೈಮೇಲೆ ಬರೆದಂಗ ಕಪ್ಪು ಮರ. ಬೇರು, ಕೊಂಬೆ, ಸಾಸಿವೆಗಿಂತ ಸಣ್ಣ ಎಲೆ. ಯಾವ ಚಿತ್ರಗಾರನ ಕೈಯೂ ಅಷ್ಟು ಸಣ್ಣಗೆ ಬರೆಯಲಾರದು. ಒಬ್ಬರಿಗೆ ಬನ್ನಿಮರ ಕಂಡಿತು, ಒಬ್ಬರಿಗೆ ನವಿಲು. ಪಕ್ಕದ ಗುಡಿಸಲ ಬಂಡಮ್ಮತ್ತಿ ಮಾತ್ರ, "ನಮ್ಮತ್ತಿ ತಲಿ ಬಾಚಿ ಒಗೆದ ಕೂದಲು ಹಿಂಗೇ ಇರ್ತಿತ್ತವ್ವ. ಕೈ ಮುಗೀಲೋ, ಕಸಬರಿಗಿ ತರಲೋ?" ಅಂದಳು. ನಕ್ಕವರು ನಾವಿಬ್ಬರೇ.

ತುಳಸಿರಾಮ ಪಟೇಲರು ನಗಲಿಲ್ಲ. ಹೋದ ತಿಂಗಳು ಅಮೆರಿಕದವರು ಮ್ಯಾಲ ಹಾರಿಸಿದ ಯಂತ್ರ ಆಕಾಶದಿಂದ ಬೀಳ್ತದಂತ ಎಲ್ಲರೂ ಕತ್ತು ಮೇಲೆ ಮಾಡಿ ಅಂಜಿದ್ದೆವಲ್ಲ, ಆ ಅಂಜಿಕೆ ಇನ್ನೂ ಆರಿರಲಿಲ್ಲ. ಪಟೇಲರು ಅದರ ಮೇಲೆಯೇ ತಮ್ಮ ಬೇಳೆ ಬೇಯಿಸಿಕೊಂಡರು. "ಯಂತ್ರ ಸಮುದ್ರಕ್ಕ ಬಿತ್ತು, ಬೀರಪ್ಪ ದೇವರು ಈ ಕಲ್ಲಾಗಿ ನಮ್ಮ ಬಯಲಿಗೆ ಇಳಿದಾನ. ಇನ್ನ ಇಲ್ಲಿ ಕುರಿ ಹಿಕ್ಕಿ ಬೀಳಬಾರದು" ಅಂದರು. ಮೂರನೇ ದಿನಕ್ಕೆ ಸುತ್ತ ಮುಳ್ಳುತಂತಿ ಬಂತು. ಹಟ್ಟಿಯ ಕುರಿಗಳು ಎಲ್ಲಿ ಮೇಯಬೇಕು ಅಂತ ಕೇಳಿದ್ದಕ್ಕೆ, "ದೇವರ ಮುಂದ ಕುರಿ ಮಾತಾಡ್ತೀಯೇನ?" ಅಂತ ನನಗೇ ಗದರಿದರು.

ನನಗೆ ಅನುಮಾನ. ಮಂದಿ ಚದುರಿದ ಮೇಲೆ ತಂತಿಯೊಳಗ ನುಸುಳಿ ಹುಣಸೆಹುಳಿ ಹಚ್ಚಿ ತಿಕ್ಕಿದೆ, ಸೀಮೆಎಣ್ಣೆ ಸುರಿದೆ. ಮರ ಅಳಿಯಲಿಲ್ಲ. ಬಣ್ಣವಲ್ಲ, ಕಲ್ಲಿನದೇ ಚಿತ್ರ. ಆಮೇಲೆ ಅಂಚು ಮುಟ್ಟಿ ನೋಡಿದೆ. ನಾಲ್ಕು ಬೆರಳು ದೂರಕ್ಕೊಂದು ಉಳಿಯ ಏಟಿನ ಗುರುತು. ಆಕಾಶದಾಗೂ ಉಳಿ ಸುತ್ತಿಗೆ ಹಿಡಿದವರು ಅದಾರೇನಣ್ಣ?

ನೆಲಕ್ಕ ಹಾಸುವ ಪರಸಿಕಲ್ಲು ಸೀಳಿದರೆ ಒಮ್ಮೊಮ್ಮೆ ಒಳಗೆ ಇಂಥ ಮರ ಇರ್ತಾವ, ಬಿರುಕಿಗಿಳಿದ ನೀರು ಬರೆದದ್ದು ಅಂತ ನೀನೇ ನನಗೆ ಗಣಿಯಲ್ಲಿ ತೋರಿಸಿದ್ದಿ. ಎರಡೂ ಹೋಳಿನ ಮೇಲೆ ಒಂದೇ ಮರ, ಪುಸ್ತಕ ತೆರೆದಂಗ. ಹಂಗಾದರೆ ಇದರ ಜೋಡಿ ಎಲ್ಲಿ?

ನಮ್ಮ ಬಯಲಿನ ಕೆಳಗೂ ಪರಸಿ ಅದ. ಪಟೇಲರು ಗುಡಿಗೆ ಒಪ್ಪಿಗೆ ಅಂತ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ತೆಲುಗು ಕಾಗದವನ್ನು ನಮ್ಮ ಕುರಿಗಾರರ ಸಂಘದವರಿಂದ ಓದಿಸಿದೆ. ಅದರಲ್ಲಿ ಗುಡಿ ಇಲ್ಲ, ಬೀರಪ್ಪನೂ ಇಲ್ಲ. ಗಣಿ ತೋಡಲು ಬಯಲು ಬಿಟ್ಟುಕೊಟ್ಟೀವಿ ಅಂತ ಅದ.

ಇನ್ನು ನಿನ್ನ ಮಾತು. ಕಲ್ಲು ಕಾಣುವ ಎರಡು ದಿನ ಮೊದಲು ನೀ ಪಟೇಲರ ಬಂಡಿಯಲ್ಲಿ ಬಂದಿದ್ದಿ. ನಮ್ಮ ಹೊಸ್ತಿಲು ತುಳಿಯಲಿಲ್ಲ, ನೀರು ಕೇಳಲಿಲ್ಲ. ಬಂಡಿಯ ಹುಲ್ಲಿನಡಿ ಏನಿತ್ತು? ನಿನ್ನ ಗುತ್ತೇದಾರ ಪಟೇಲರ ಅಳಿಯ, ಎದುರಾಡಿದರೆ ಕೆಲಸ ಹೋಗ್ತದ, ಗೊತ್ತು. ಆದರೆ ಕುರಿ ಮಾರಿಕೊಂಡು ನಾವೆಲ್ಲ ಅದೇ ಗಣಿಗೆ ಕಲ್ಲು ಹೊರಾಕ ಬಂದು ನಿಂತರೆ ನಿನ್ನ ಕೂಲಿ ಏರ್ತದೋ ಇಳೀತದೋ, ಕುಂತು ಯೋಚಿಸು.

ಬರುವ ಸೋಮವಾರ ತಹಶೀಲ್ದಾರರು ಬಯಲು ನೋಡಾಕ ಬರ್ತಾರ. ಜೋಡಿ ಹೋಳನ್ನು ತಂದು ಪಟೇಲರ ದೇವರ ಪಕ್ಕ ಇಡು. ಎರಡು ಮರ ಎದುರುಬದುರು ನಿಂತ ಮೇಲೆ ಯಾರೂ ಭಾಷಣ ಮಾಡಬೇಕಾಗಿಲ್ಲ.

ನಿನ್ನ ಬೆನ್ನಿಗೆ ಹುಟ್ಟಿದ
ಅಮೃತಬಾಯಿ

ತಾ.ಕ.: ಜೋಡಿ ಎಲ್ಲಿ ಅದ ಅನ್ನೂದು ಗೊತ್ತಿಲ್ಲ ಅಂತ ಮಾತ್ರ ಬರೆಯಬ್ಯಾಡ. ಶುಕ್ರವಾರ ನೀ ಗಣಿಗೆ ಹೋದಾಗ ನಾ ನಿನ್ನ ಮನೆಗೆ ಬಂದಿದ್ದೆ. ಅತ್ತಿಗಿ ಆ ಜೋಡಿ ಹೋಳಿನ ಮೇಲೆಯೇ ನಿನ್ನ ಅಂಗಿ ಒಗೆಯುತ್ತಿದ್ದಳು. ಮರ ಛಂದ ಅದ ಅಲ್ಲವ್ವ ಅಂತ ಕೇಳಿದಳು, ಹೌದಂದೆ. ಆಕೀಗಿ ಏನೂ ಗೊತ್ತಿಲ್ಲ, ಬೈಬ್ಯಾಡ. ಬಂಡಿ ಮಾಡಿ ನಾನೇ ಅವತ್ತೇ ತರಬಹುದಿತ್ತು. ತರಲಿಲ್ಲ. ನೀನೇ ತರಬೇಕು.