ಕೆಳಗಿನ ಬೋರಿನ ಹಿಡಿ

೨೨ ಫೆಬ್ರವರಿ ೧೯೮೮, ಸೋಮವಾರ. ಸಂಜೆ

ಸಾರು ಕುದಿಯುತ್ತಿದೆ. ಇವರು ಅಜ್ಜಂಪುರದ ಈರುಳ್ಳಿ ಮಂಡಿಯಿಂದ ಬರುವುದರೊಳಗೆ ಬರೆದುಬಿಡಬೇಕು.

ಕೆಳಗಿನ ಕಾಲೋನಿಯ ಬೋರಿನ ಹಿಡಿ ಮತ್ತೆ ಕಾಣೆ. ಪಂಪು ನಿಂತ ಹಾಗೇ ನಿಂತಿದೆ. ಒತ್ತುವ ಹಿಡಿ ಮಾತ್ರ ಇಲ್ಲ. ಹೋದ ತಿಂಗಳು ಹೊಸದು ಹಾಕಿಸಿದ್ದು.

ಮಂಡಲ ಪಂಚಾಯ್ತಿ ಮೀಟಿಂಗಿನಲ್ಲಿ ಇವತ್ತು ಕೇಳಿಯೇಬಿಟ್ಟೆ. ಮೆಂಬರ್ ಆಗಿ ಒಂದು ವರ್ಷ ಆಯಿತು, ನಾನಾಗಿ ಬಾಯಿ ತೆರೆದಿದ್ದು ಇದೇ ಮೊದಲು. ಹೆಂಗಸರ ಸೀಟು ಬಂದಾಗ ಫಾರಂ ತುಂಬಿದ್ದು ಇವರು. ತೋರಿಸಿದ ಕಡೆ ಸೈನ್ ಹಾಕಿದ್ದಷ್ಟೇ ನಾನು. ಮೀಟಿಂಗಿನಲ್ಲೂ ಅದೇ ಕೆಲಸ — ಸೈನು, ಬನ್ನು, ಟೀ.

ಪ್ರಧಾನರು ಈರಭದ್ರಪ್ಪ ನಕ್ಕರು. "ಎಲ್ಲಿ ಹೋಗ್ತದೆ ದಾಕ್ಷಾಯಣಮ್ಮ, ಸಿಗ್ತದೆ ಬಿಡಿ. ಮೊದ್ಲು ಬನ್ ತಿನ್ನಿ."

ನಗುವಂಥದ್ದು ಏನಿತ್ತು? ಬೇಸಿಗೆ ಇನ್ನೂ ಶುರುವಾಗಿಲ್ಲ, ಆಗಲೇ ನೀರಿಲ್ಲ ಅಂದರೆ ಪ್ರಧಾನ ಆದವನಿಗೆ ನಗು ಬರುತ್ತದೆಯೇ? ಏನೋ ಇದೆ.

೨೫ ಫೆಬ್ರವರಿ, ಗುರುವಾರ

ನಮ್ಮ ಮೇಲಿನ ಬೀದಿಯಿಂದ ಕಾಲೋನಿಗೆ ಒಬ್ಬಳೇ ಇಳಿದು ಹೋದೆ. ಜವರಮ್ಮನ ಜಗುಲಿಯಲ್ಲಿ ನಾಲ್ಕೈದು ಹೆಂಗಸರು ಮಾತಾಡುತ್ತ ಕೂತಿದ್ದರು. ನನ್ನ ನೆರಳು ಕಂಡದ್ದೇ ಎಲ್ಲರ ಬಾಯಿ ಬಂದ್.

"ಹಿಡಿ ಯಾರು ತೆಗೆದ್ರು ಜವರಮ್ಮ?"

"ಗೊತ್ತಿಲ್ಲ ಕಣವ್ವ."

ಹುಲಿಗೆಮ್ಮನನ್ನು ಕೇಳಿದೆ. ಅವಳೂ "ಗೊತ್ತಿಲ್ಲ ಕಣವ್ವ." ಅದೇ ಮಾತು, ಅದೇ ರಾಗ. ಮೊದಲೇ ಹೇಳಿಕೊಟ್ಟ ಹಾಗೆ.

ಇನ್ನೊಂದು. ಬಾಗಿಲ ಪಕ್ಕ ಕೊಡಗಳು ತುಂಬಿದ್ದವು! ಹಿಡಿಯಿಲ್ಲದ ಬೋರು ಇಟ್ಟುಕೊಂಡು ಇವರಿಗೆ ನೀರೆಲ್ಲಿಂದ? ಕೇಳಿದರೆ ಹೊಲದ ಬಾವಿ ಅಂದರು. ಆ ಬಾವಿ ಸಂಕ್ರಾಂತಿಗೇ ತಳ ಕಂಡಿದೆ. ನನಗೆ ಗೊತ್ತಿಲ್ಲವೇ.

ಈರಭದ್ರಪ್ಪನವರ ಪಂಪ್‌ಸೆಟ್ಟಿನಿಂದ ಗುಟ್ಟಾಗಿ ಬಿಡುತ್ತಿರಬೇಕು, ಬಾಯಿ ಮುಚ್ಚಿಕೊಂಡಿರಲಿ ಅಂತ. ಅವರಿಗೇನು ಲಾಭವೋ... ತಿಳಿಯುತ್ತಿಲ್ಲ.

೧ ಮಾರ್ಚ್, ಮಂಗಳವಾರ

ಹಿಡಿ ಬರಿಗೈಯಲ್ಲಿ ಬರುವುದಿಲ್ಲವಂತೆ. ನಟ್ಟು ಬಿಚ್ಚಲು ದೊಡ್ಡ ಪಾನ, ಅಂದರೆ ಸ್ಪ್ಯಾನರು, ಬೇಕು. ಊರಲ್ಲಿ ಅಂಥ ಪಾನ ಇರುವುದು ಒಬ್ಬನ ಹತ್ತಿರ — ಲಕ್ಕಣ್ಣ. ಮಂಡಲದ ಬೋರುಗಳನ್ನೆಲ್ಲ ರಿಪೇರಿ ಮಾಡುವವನು. ಕಾಲೋನಿಯವನೇ, ಜವರಮ್ಮನ ತಮ್ಮ.

ಕರೆಸಿ ಕೇಳಿದೆ.

"ನಾನ್ಯಾಕ್ ತೆಗೀಲಿ ಅಮ್ಮ? ನಮ್ಮ್ ಮನೇರೂ ಅದ್ನೇ ಕುಡಿಯೋದು."

"ನಿನ್ನ ಪಾನ ಎಲ್ಲಿದೆ?"

ಕಾಲಿನ ಹೆಬ್ಬೆರಳು ನೋಡುತ್ತ ನಿಂತ. ತಪ್ಪು ಮಾಡದವನು ಹಾಗೆ ನಿಲ್ಲುತ್ತಾನೆಯೇ? ತರೀಕೆರೆಯ ಗುಜರಿಗೆ ಹಾಕುತ್ತಿದ್ದಾನೆ, ಸಂಶಯವಿಲ್ಲ. ಪ್ರಧಾನರಿಗೆ ದೂರು ಬರೆದು ಕೊಟ್ಟೆ. ನನ್ನದೇ ಅಕ್ಷರ, ನನ್ನದೇ ಸೈನು. ಎಲ್ಲಿ ಸೈನ್ ಹಾಕಬೇಕು ಅಂತ ಯಾರೂ ಬೆರಳು ತೋರಿಸಲಿಲ್ಲ.

೪ ಮಾರ್ಚ್, ಶುಕ್ರವಾರ

ಲಕ್ಕಣ್ಣನನ್ನು ಕೆಲಸದಿಂದ ತೆಗೆದರು. "ನೀವು ಹೇಳಿದ್ಮೇಲೆ ಮುಗೀತು ದಾಕ್ಷಾಯಣಮ್ಮ" ಅಂದರು ಈರಭದ್ರಪ್ಪ.

ಖುಷಿಯಾಗಬೇಕಿತ್ತು. ಆಗಲಿಲ್ಲ. ಶಾಲೆಯ ಸೂರು ಸೋರುತ್ತದೆ ಅಂದರೆ ಆರು ತಿಂಗಳು ಎಳೆಯುವ ಮನುಷ್ಯ... ಇದಕ್ಕೆ ಯಾಕಿಷ್ಟು ಅವಸರ?

೧೯ ಮಾರ್ಚ್, ಶನಿವಾರ

ಹಬ್ಬದ ಗಡಿಬಿಡಿಯಲ್ಲಿ ಬರೆಯಲಾಗಲಿಲ್ಲ.

ಹೊಸ ಹಿಡಿ ಹಾಕಿಸಿದ್ದರು. ಯುಗಾದಿ ದಿನವೇ ಮಾಯ. ಲಕ್ಕಣ್ಣ ಊರಲ್ಲೇ ಇಲ್ಲ. ಬೀರೂರು ಸ್ಟೇಷನ್ನಿನಲ್ಲಿ ಮೂಟೆ ಹೊರುತ್ತಿದ್ದಾನಂತೆ. ಹಾಗಾದರೆ ಯಾರು?

ನಾನು ತಪ್ಪಿದೆನೇ? ಇಲ್ಲ, ಪಾನ ಯಾರಿಗಾದರೂ ಕೊಟ್ಟು ಹೋಗಿರಬೇಕು.

ನಮ್ಮ ಹಿತ್ತಲ ಬಾವಿಯೂ ಬತ್ತಿತು. ಆದರೂ ಹೋದ ವಾರವೆಲ್ಲ ಅಡುಗೆಮನೆಯಲ್ಲಿ ಕೊಡ ತುಂಬಿಯೇ ಇತ್ತು. ಹೊಲದಿಂದ ನಾನು ಬರುವಷ್ಟರಲ್ಲಿ ಅತ್ತೆ ತಂದಿಟ್ಟಿರುತ್ತಿದ್ದರು. ಹಬ್ಬದಿಂದೀಚೆಗೆ ಖಾಲಿ.

"ಅಷ್ಟು ದಿನ ಎಲ್ಲಿಂದ ತರ್ತಿದ್ರಿ ಅತ್ತೆ?"

"ನಿಂಗ್ಯಾಕೆ ಅದು? ಕುಡಿಯಾಕ್ ಸಿಕ್ತಲ್ಲ."

ಹಿಡಿ ಇದ್ದಾಗ ನಮ್ಮನೆಯಲ್ಲಿ ನೀರು. ಹಿಡಿ ಹೋದಾಗ ಇಲ್ಲ. ಈಗ ಅತ್ತೆಯ ಮೇಲೂ ಅನುಮಾನ. ನನಗೇ ಏನೋ ಆಗಿದೆ.

೨೭ ಮಾರ್ಚ್, ಭಾನುವಾರ. ಬೆಳಿಗ್ಗೆ ಏಳು

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಕಾಲೋನಿಯ ಕೊಡಗಳು ಹೇಗೆ ತುಂಬುತ್ತವೆಂದು ನೋಡಲು ಕೋಳಿ ಕೂಗುವ ಹೊತ್ತಿಗೆ ಕೆಳಗಿಳಿದೆ. ಬೋರಿನ ಸದ್ದು ದೂರದಿಂದಲೇ ಕೇಳಿತು. ಹುಣಸೆಮರದ ಹಿಂದೆ ನಿಂತು ನೋಡಿದೆ. ಹಿಡಿ ಇದೆ! ಕಾಲೋನಿಯ ಹೆಂಗಸರೆಲ್ಲ ಸಾಲಾಗಿ ನಿಂತಿದ್ದಾರೆ. ಮಾತಿಲ್ಲ, ಜಗಳವಿಲ್ಲ. ಒಬ್ಬೊಬ್ಬರೇ ನೀರು ಹಿಡಿದುಕೊಂಡು ಹೋದರು. ಬೆಳಕು ಹರಿಯುವ ಮೊದಲು ಜವರಮ್ಮ ಸೆರಗಿನಿಂದ ಪಾನ ತೆಗೆದಳು. ಹುಲಿಗೆಮ್ಮ ಹಿಡಿ ಆತುಕೊಂಡಳು. ನಟ್ಟು ಬಿಚ್ಚಿ ಹಳೆ ಸೀರೆಯಲ್ಲಿ ಸುತ್ತಿ, ಕೂಸಿನ ಹಾಗೆ ಎದೆಗೊತ್ತಿಕೊಂಡು ಹೊರಟರು.

ಎದುರಿಗೆ ಹೋಗಿ ನಿಂತೆ. ಹುಲಿಗೆಮ್ಮ ಹಿಂದೆ ಸರಿದಳು. ಜವರಮ್ಮ ಕದಲಲಿಲ್ಲ.

"ನಿಮಗೇ ಕೊಟ್ಟ ಬೋರು ಇದು. ನೀವೇ ಕೆಡಿಸ್ತೀರಲ್ಲ, ಯಾಕೆ?"

"ಕೆಡಿಸ್ತಿಲ್ಲ ಕಣಮ್ಮ, ಕಾಯ್ಕೊಂತಿದೀವಿ. ಹಿಡಿ ಇದ್ರೆ ಮೇಲಿನ ಬೀದೀರು ಬತ್ತಾರೆ. ನಮ್ಮ್ ಕೊಡ ಕಾಲಲ್ಲಿ ಸರಿಸ್ತಾರೆ. ಹಿಡಿಗೆ ನೀರ್ ಹುಯ್ದು, ಹುಣಸೆಹಣ್ಣು ಹಾಕಿ ತಿಕ್ತಾರೆ — ನಾವ್ ಮುಟ್ಟಿದ್ದು ಅಂತ. ಆಮೇಲೆ ಅವ್ರದೆಲ್ಲ ತುಂಬೋವರ್ಗೂ ನಾವ್ ಆ ಬೇಲಿತಾವ ನಿಲ್ಬೇಕು. ಅಷ್ಟೊತ್ತಿಗೆ ಬೋರು ಬರೀ ಗಾಳಿ ಬಿಡ್ತದೆ. ಹಿಡಿ ಇಲ್ದಿದ್ರೆ ಯಾರೂ ಬರಾಕಿಲ್ಲ."

"ಯಾರ್ಯಾರು ಬರ್ತಾರೆ? ಹೆಸರು ಹೇಳು."

ಜವರಮ್ಮ ನನ್ನ ಮುಖ ನೋಡಿದಳು. "ಮುಂದ್ ಬರೋರೇ ನಿಮ್ಮತ್ತೆ."

ಆಮೇಲೆ ಏನು ಕೇಳಿದೆನೋ ನೆನಪಿಲ್ಲ. ಲಕ್ಕಣ್ಣನಿಗೆ ಎಲ್ಲ ಗೊತ್ತಿತ್ತಂತೆ. ಅಕ್ಕ ಕೇಳಿದಳೆಂದು ಪಾನ ಕೊಟ್ಟಿದ್ದ. ಕೆಲಸ ಹೋದರೂ ಬಾಯಿ ಬಿಡಲಿಲ್ಲ.

"ಈಗ ನಮ್ದೂ ಬರ್ದು ಕೊಡ್ತೀರೇನಮ್ಮ?" ಅಂದಳು ಜವರಮ್ಮ.

ತಿರುಗಿ ಮನೆಗೆ ಬಂದುಬಿಟ್ಟೆ.

೨೮ ಮಾರ್ಚ್, ಸೋಮವಾರ

ಊಟಕ್ಕೆ ಕೂತಾಗ ಇವರೇ ಹೇಳಿದರು. "ನಿಮ್ಮ ಪ್ರಧಾನ್ರು ಒಳ್ಳೆ ಕೆಲ್ಸ ಮಾಡ್ತಿದಾರೆ ಕಣೇ. ಆ ಕೆಳಗಿನ ಬೋರಿಗೆ ಮೋಟಾರ್ ಕೂರ್ಸಿ, ಪೈಪ್ ಎಳ್ದು, ನಮ್ಮ್ ಬೀದೀಲಿ ಟ್ಯಾಂಕು. ಕಾಲೋನಿಯೋರಿಗೆ ಹಿಡಿ ಕಾಯ್ಕೊಳೋಕೂ ಆಗ್ಲಿಲ್ವಲ್ಲ. ಗ್ರಾಮಸಭೇಲಿ ಪಾಸ್ ಮಾಡ್ತಾರೆ."

ಈರಭದ್ರಪ್ಪನವರ ಆ ನಗುವಿನ ಅರ್ಥ ಇದು. ಹಿಡಿ ತೆಗೆದವರು ಅವರಲ್ಲ. ಆದರೆ ಹೋಗುತ್ತಲೇ ಇರಲಿ ಅಂತ ಕಾದಿದ್ದವರು ಅವರೇ. ಕಳ್ಳ ಇದ್ದಾನೆ ಅಂತ ಬರಹದಲ್ಲಿ ತೋರಿಸಿದವಳು ನಾನು.

ನಿಜ ಹೇಳಿದರೆ ಜವರಮ್ಮ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಬೇಕು. ಹೇಳದಿದ್ದರೆ ಲಕ್ಕಣ್ಣ ಕಳ್ಳನಾಗಿಯೇ ಉಳಿಯುತ್ತಾನೆ, ಬೋರೂ ಹೋಗುತ್ತದೆ. ಯಾರ ಹತ್ತಿರ ಕೇಳಲಿ? ಈ ಮನೆಯಲ್ಲಿ ಯಾರನ್ನು ನಂಬಲಿ?

೧೦ ಏಪ್ರಿಲ್, ಭಾನುವಾರ. ಸಂಜೆ

ಗ್ರಾಮಸಭೆ ಆಯಿತು. ಶಾಲೆಯ ಮುಂದೆ ಶಾಮಿಯಾನ. ಮೇಲಿನ ಬೀದಿಯವರು ನೆರಳಲ್ಲಿ, ಕಾಲೋನಿಯವರು ಬಿಸಿಲಲ್ಲಿ. ಅತ್ತೆ ಮುಂದಿನ ಸಾಲು.

ಈರಭದ್ರಪ್ಪ ಮೈಕಿನಲ್ಲಿ ಮೋಟಾರಿನ ವಿಷಯ ಓದಿದರು. "ಲಕ್ಕಣ್ಣನ ಮೇಲೆ ಪೊಲೀಸ್ ಕಂಪ್ಲೇಂಟೂ ಕೊಡ್ತೀವಿ. ನಮ್ಮ ಮೆಂಬರ್ರೇ ಬರೆದು ಕೊಟ್ಟಿದಾರೆ" ಅಂದರು. ಲಕ್ಕಣ್ಣ ಬೀರೂರಿನಿಂದ ಬಂದಿದ್ದ. ಎಲ್ಲರೂ ತಿರುಗಿ ಅವನನ್ನೇ ನೋಡಿದರು.

ಎದ್ದೆ. ಏನು ಹೇಳಬೇಕೆಂದು ಆ ಗಳಿಗೆಯವರೆಗೂ ಗೊತ್ತಿರಲಿಲ್ಲ.

"ಕಂಪ್ಲೇಂಟ್ ಕೊಡೋದಾದ್ರೆ ನನ್ನ ಮೇಲೆ ಕೊಡಿ. ಹಿಡಿ ತೆಗೆಸಿದ್ದು ನಾನು."

ಈರಭದ್ರಪ್ಪ ಮೈಕಿಗೆ ಅಡ್ಡ ಕೈ ಇಟ್ಟು, "ಏನ್ ತಮಾಷೆ ಇದು? ಎಲ್ಲೈತೆ ಹಾಗಾದ್ರೆ ಹಿಡಿ?" ಅಂದರು.

ಎಲ್ಲಿದೆಯೋ ನನಗೇನು ಗೊತ್ತು? ಜವರಮ್ಮನ ಕಡೆ ನೋಡಿದೆ. ಅವಳ ಮುಖ ಕಲ್ಲು. ನನ್ನ ಮಾತು ನಂಬಬೇಕೋ, ಇದೂ ಒಂದು ಬಲೆಯೋ ಅಂತ ಅಳೆಯುತ್ತಿದ್ದಳು. ಕೊನೆಗೆ ಎದ್ದು ಹೊರಟೇಹೋದಳು. ಮುಗಿಯಿತು ಅಂದುಕೊಂಡೆ.

ವಾಪಸ್ ಬಂದಳು. ಸೀರೆಯ ಗಂಟನ್ನು ತಂದು ಪ್ರಧಾನರ ಟೇಬಲ್ಲಿನ ಮೇಲೆ ಇಟ್ಟಳು. ಬಿಚ್ಚಿದರೆ ಹಿಡಿ.

"ಅಮ್ಮ ಇಟ್ಕೊಂಡಿರು ಅಂದಿದ್ರು. ಇಟ್ಕೊಂಡಿದ್ದೆ" ಅಂದಳು.

ಆಮೇಲೆ ನನಗೆ ಧೈರ್ಯ ಬಂತು. ಎಲ್ಲ ಹೇಳಿದೆ — ಕೊಡ ಸರಿಸುವುದು, ಹುಣಸೆಹಣ್ಣು, ಬೇಲಿ. ಹೆಸರು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಅತ್ತೆ ಸೆರಗು ಝಾಡಿಸಿ ಎದ್ದು ನಡೆದರು.

ಕುರಿ ಸಾಕುವ ದೊಡ್ಡಬೀರಪ್ಪ ಹಿಂದಿನಿಂದ ಕೂಗಿದರು. "ಟ್ಯಾಂಕ್ ಬೇಕಾದ್ರೆ ಮೇಲೊಂದು ಬೋರ್ ಹೊಡ್ಸಿ ಕಣ್ರಪ್ಪಾ. ಅವ್ರ ಗಂಟಲಿಗ್ಯಾಕ್ ಪೈಪ್ ಹಾಕ್ತೀರಿ?"

ಕೈ ಎತ್ತಿಸಿದರು. ಬಿಸಿಲಲ್ಲಿದ್ದ ಕೈಗಳೆಲ್ಲ ಮೋಟಾರ್ ಬೇಡ ಅಂದವು. ನೆರಳಲ್ಲೂ ಕೆಲವು. ಈರಭದ್ರಪ್ಪ ಲೆಕ್ಕಕ್ಕೇ ಹೋಗಲಿಲ್ಲ. "ತರೀಕೆರೆಯಿಂದ ಆಫೀಸರ್ ಬಂದು ಎನ್‌ಕ್ವೈರಿ ಮಾಡ್ಲಿ. ಮೆಂಬರೇ ಸರ್ಕಾರಿ ಮಾಲು ಬಿಚ್ಚೋದು ಅಂದ್ರೆ..." ಅಂದು ಸಭೆ ಮುಗಿಸಿದರು.

೧೧ ಏಪ್ರಿಲ್

ಮನೆಯಲ್ಲಿ ಯಾರೂ ಮಾತಾಡುತ್ತಿಲ್ಲ. ಇವರು ಒಂದೇ ಮಾತು ಕೇಳಿದರು, "ಯಾರ್ ಹೇಳ್ಕೊಟ್ರು ನಿಂಗೆ?" ಯಾರೂ ಹೇಳಿಕೊಡದೆ ನಾನು ಮಾತಾಡಬಲ್ಲೆ ಅಂತ ಇವರಿಗೆ ಹೊಳೆಯುವುದೇ ಇಲ್ಲ.

೩ ಮೇ, ಮಂಗಳವಾರ

ಇಷ್ಟು ದಿನ ಪ್ರತಿ ಜೀಪಿನ ಸದ್ದಿಗೂ ಬಾಗಿಲಿಗೆ ಬಂದು ನೋಡುತ್ತಿದ್ದೆ. ಇವತ್ತು ಬಂದೇಬಿಟ್ಟಿತು. ಆಫೀಸರ್ ಇಳಿದವರೇ ಈರಭದ್ರಪ್ಪನವರ ಮನೆಯಲ್ಲಿ ಕಾಫಿ ಕುಡಿದರು. ಅಲ್ಲಿಗೇ ಆಸೆ ಬಿಟ್ಟೆ.

ಬೋರಿನ ಹತ್ತಿರ ಎಲ್ಲರನ್ನೂ ನಿಲ್ಲಿಸಿ ಜವರಮ್ಮನನ್ನು ಕೇಳಿದರು. "ನಿಜ ಹೇಳು, ಹಿಡಿ ಬಿಚ್ಚಿದ್ದು ಯಾರು?"

ಅವಳು ನನ್ನನ್ನು ಬಿಟ್ಟುಕೊಟ್ಟರೆ ಮೆಂಬರ್‌ಗಿರಿ ಹೋಗುತ್ತದೆ, ಬಿಟ್ಟುಕೊಡದಿದ್ದರೆ ಅವಳೇ ಸಿಕ್ಕಿಬೀಳುತ್ತಾಳೆ.

"ಯಾರು ಅಂತ್ಲೇ ಎಲ್ರೂ ಕೇಳ್ತೀರಿ ಸ್ವಾಮಿ. ಯಾಕೆ ಅಂತ ಕೇಳಿ, ಹೇಳ್ತೀನಿ."

ಆಫೀಸರ್ ಪೆನ್ನು ಮುಚ್ಚಿದರು. "ಆಯ್ತು. ಯಾಕೆ?"

ಹೇಳಿದಳು. ನನಗಿಂತ ಚೆನ್ನಾಗಿ ಹೇಳಿದಳು. ಅವರು ಬೇಲಿಯ ತನಕ ನಡೆದು ಹೋಗಿ ನೋಡಿ ಬಂದರು. ಮೋಟಾರ್ ಪ್ಲಾನ್ ಕ್ಯಾನ್ಸಲ್. ಹಿಡಿ ಕಾಲೋನಿಯ ವಶದಲ್ಲಿರಲಿ, ಮೊದಲ ಸರದಿ ಅವರದು ಅಂತ ಅಲ್ಲೇ ಬರೆಸಿದರು. ಲಕ್ಕಣ್ಣನಿಗೆ ಕೆಲಸ ವಾಪಸ್. ನನಗೆ ವಾರ್ನಿಂಗ್. ಜೀಪು ಹತ್ತುವಾಗ "ಮುಂದಿನ ಸಲ ಮೊದಲೇ ಬರೆದು ತಿಳಿಸಿ ಅಮ್ಮ" ಅಂದರು. ಅಷ್ಟೇ.

ಈರಭದ್ರಪ್ಪ ನಗುತ್ತಲೇ ಬೀಳ್ಕೊಟ್ಟರು. ನಂಬುವುದಿಲ್ಲ ನಾನು ಆ ನಗುವನ್ನು.

ಲಕ್ಕಣ್ಣನ ಹತ್ತಿರ ಹೋಗಿ ನಿಂತೆ. "ತಪ್ಪಾಯ್ತು ಲಕ್ಕಣ್ಣ" ಅಂದೆ. ಪಾನ ಒರೆಸುತ್ತ ಇದ್ದವನು ತಲೆ ಎತ್ತಲಿಲ್ಲ. "ಆಗ್ಲಿ ಬಿಡ್ರಿ" ಅಂದ. ಆ ಮಾತಿನಲ್ಲಿ ಕ್ಷಮೆ ಇರಲಿಲ್ಲ.

೬ ಮೇ, ಶುಕ್ರವಾರ. ಬೆಳಿಗ್ಗೆ

ಈರಭದ್ರಪ್ಪನವರ ಟ್ರ್ಯಾಕ್ಟರು ಮೇಲಿನ ಬೀದಿಗೆಲ್ಲ ನೀರು ಕೊಡುತ್ತದೆ. ನಮ್ಮ ಬಾಗಿಲಲ್ಲಿ ಮಾತ್ರ ನಿಲ್ಲುವುದಿಲ್ಲ. ನಿನ್ನೆಯಿಂದ ಮನೆಯಲ್ಲಿ ಹನಿ ಇಲ್ಲ. ಇವರು ಮಂಡಿಯಲ್ಲೇ ಉಳಿದಿದ್ದಾರೆ.

ಕೊಡ ತೆಗೆದುಕೊಂಡು ನಾನೇ ಕೆಳಗೆ ಹೋದೆ.

"ಏನಮ್ಮ, ಚೆಕ್ ಮಾಡಾಕ್ ಬಂದ್ರಾ?" ಜವರಮ್ಮನಿಗೆ ಇನ್ನೂ ಅನುಮಾನ.

"ಇಲ್ಲ. ನೀರಿಗೆ."

"ಸರದಿ ಐತೆ."

"ನಿಲ್ತೀನಿ."

ಕೊನೆಯಲ್ಲಿ ನಿಂತೆ. ಬಿಸಿಲೇರಿತು. ನನ್ನ ಸರದಿ ಬಂದಾಗ ಹಿಡಿ ಎಲ್ಲರ ಕೈಯಿಂದ ಒದ್ದೆಯಾಗಿತ್ತು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಹಾಗೇ ಹಿಡಿದು ಒತ್ತಿದೆ. ಬಗ್ಗಲಿಲ್ಲ. ಹುಲಿಗೆಮ್ಮ ನಕ್ಕುಬಿಟ್ಟಳು. "ಕೈಯಲ್ಲಲ್ಲ ಕಣಮ್ಮ, ಮೈ ಭಾರ ಬಿಡಿ."

ಬಂತು.

ಅತ್ತೆ ಹೊಸ್ತಿಲಲ್ಲೇ ಕೂತಿದ್ದರು. ತುಟಿ ಒಡೆದಿತ್ತು.

"ಎಲ್ಲೀದು?"

"ಕೆಳಗಿಂದು."

"ಹಿಡಿ ತೊಳ್ದ್ಯಾ?"

"ಇಲ್ಲ."

ಕೊಡ ಒಳಗಿಟ್ಟು ಬಂದು ಇಲ್ಲಿ ಕೂತೆ. ಏನು ಬರೆಯುತ್ತಿದ್ದೇನೋ, ಕಿವಿಯೆಲ್ಲ ಅಡುಗೆಮನೆಯಲ್ಲಿ. ಅತ್ತೆ ಎದ್ದರು. ಕೊಡದ ಮುಚ್ಚಳ ತೆಗೆದರು. ಚೊಂಬು ಅದ್ದಿದರು. ಇನ್ನು ಬಚ್ಚಲಿಗೆ ಚೆಲ್ಲುತ್ತಾರೆ. ಆ ಕಡೆ ಹೆಜ್ಜೆ ಕೇಳಿಸುತ್ತಿಲ್ಲ. ಅಲ್ಲೇ ನಿಂತಿದ್ದಾರೆ. ಎಷ್ಟು ಹೊತ್ತು...

"ದಾಕ್ಷಾಯಣೀ" ಅಂದರು.

ಗಂಟಲು ಒಣಗಿದ ದನಿಯಲ್ಲ ಅದು, ನೀರು ಕುಡಿದ ದನಿ. ಇನ್ನೊಂದು ಸಲ ಕರೆಯುತ್ತಿದ್ದಾರೆ. ನಾನು ಏಳಬೇಕು.