ಭಾನುವಾರ ಮ್ಯೂಸಿಯಂಗೆ

ನಿಕಿತಾಳ ಪಪ್ಪನಿಗೆ,

ನಾನು ರಬಾಳೆಗೆ ಹೊರಟೆ. ಅಣ್ಣ ತೀರಿಹೋದ ಮೇಲೆ ಇವತ್ತೇ ಮೊದಲು ಡ್ಯೂಟಿಗೆ. ನೀವು ಮಲಗಿದ್ದಿರಿ, ಎಬ್ಬಿಸಲಿಲ್ಲ. ಗಂಜಿ ಕುಕ್ಕರಿನಲ್ಲಿದೆ, ಚಟ್ನಿ ಫ್ರಿಜ್ಜಿನಲ್ಲಿದೆ. ಮೀನು ತರಬೇಡಿ. ತಿನ್ನಲೇಬೇಕಾದರೆ ನಿಮ್ಮ ಹೋಟೆಲಿನಲ್ಲೇ ತಿಂದು ಬನ್ನಿ.

ಸಂಜೆ ದೇವರಿಗೆ ದೀಪ ಇಡಿ. ನಿನ್ನೆಯೂ ಮರೆತಿರಿ. ನಮ್ಮಲ್ಲಿ ಸೂತಕ ತಾಯಿಯ ಕಡೆಯಿಂದ ಬರುವುದು, ನನಗೂ ನಿಕಿತಾಳಿಗೂ ಇದೆ, ನಿಮಗಿಲ್ಲ. ಈಗ ಈ ಮನೆಯಲ್ಲಿ ದೀಪ ಮುಟ್ಟಬಹುದಾದ ಕೈ ನಿಮ್ಮದೊಂದೇ.

ಭಾನುವಾರ ಮ್ಯೂಸಿಯಂಗೆ ಹೋಗುವುದು ಹೋಗುವುದೇ. ಹಳೇ ಮೂರ್ತಿಯೊಂದರ ಚಿತ್ರ ಬಿಡಿಸಿ ತರಲು ನಿಕಿತಾಳ ಶಾಲೆಯವರು ಹೇಳಿದ್ದಾರೆ. ಕರೆದುಕೊಂಡು ಹೋಗುತ್ತೇನೆ ಎಂದಿದ್ದ ಅವಳ ಮಾವ ಈಗ ಇಲ್ಲ. ನಿನ್ನೆ ಅವಳು "ಮಮ್ಮಿ, ಸಂಡೇ ಕೋ ಜಾಯೇಂಗೆ ನಾ?" ಎಂದು ಕೇಳಿದಳು. ಹೂಂ ಅಂದೆ. ಹಾರ್ಬರ್ ಲೈನಿನಲ್ಲಿ ರಿಪೇರಿಗೆಂದು ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ಇದೆಯೋ ಪೇಪರ್ ನೋಡಿ. ಇದ್ದರೆ ಸಾನಪಾಡಾದಿಂದ ಥಾಣೆಗೆ ಹೋಗಿ ಅಲ್ಲಿಂದ ಬೇರೆ ಲೈನಿನಲ್ಲಿ ಹೋಗೋಣ. ಹೋಟೆಲಿನಲ್ಲಿ ರಜೆ ಇವತ್ತೇ ಕೇಳಿ, ಶನಿವಾರ ರಾತ್ರಿ ಅಲ್ಲ.

ಊರಿನಿಂದ ಅತ್ತೆ ಫೋನ್ ಮಾಡಿ, ಸೂತಕದಲ್ಲಿ ತಿರುಗಾಟವೇ ಎಂದರೆ ಶಾಲೆಯ ಕೆಲಸ ಎನ್ನಿ. ಬೊಜ್ಜದ ಉತ್ತರಕ್ರಿಯೆ ಮುಗಿದು ಸೂತಕ ಹೋಗುವವರೆಗೆ ದೇವಸ್ಥಾನದ ಮೆಟ್ಟಿಲು ಹತ್ತಬಾರದೆಂದು ನನಗೂ ಗೊತ್ತು. ಮ್ಯೂಸಿಯಂನ ದೇವರಿಗೆ ಪೂಜೆ ಇಲ್ಲ, ಸೂತಕ ತಟ್ಟುವುದಿಲ್ಲ.

ಅಲ್ಲಿ ಅವಳು ಚಿತ್ರ ಬಿಡಿಸುವಾಗ ನೀವು ಹತ್ತಿರ ಕೂತಿರಿ. ನಾನು ಯಾವುದಾದರೂ ಮೂರ್ತಿಯ ಮುಂದೆ ನಿಂತುಬಿಟ್ಟರೆ ಕರೆಯಬೇಡಿ. ಅಣ್ಣ ಹೋದದ್ದನ್ನು ನಾನಿನ್ನೂ ಯಾವ ದೇವರಿಗೂ ಹೇಳಿಲ್ಲ.

ರಮಿತಾ